ಹತ್ತಿರದ ಹೋಳು

ಗಣಿತದ ಮೇಷ್ಟ್ರು ಚಾರ್ಟನ್ನು ಒಣಗಲೆಂದು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದದ್ದೇ ತಪ್ಪಾಯಿತು.

ಹನ್ನೊಂದು ವರ್ಷದಿಂದ ಮೂರನೇ ತರಗತಿಗೇ ಅಂಟಿಕೊಂಡಿದ್ದ ಅವರಿಗೆ ಏಳನೇ ತರಗತಿಗೆ ಬೀಜಗಣಿತ ಕಲಿಸುವ ಆಸೆ. ಇವತ್ತು ಇನ್ಸ್‌ಪೆಕ್ಟರಮ್ಮ ಪಾಠ ಮೆಚ್ಚಿದರೆ ಅದು ನಿಮಗೇ ಎಂದು ಹೆಡ್‌ಮಿಸ್ ಮಾತು ಕೊಟ್ಟಿದ್ದರು. ಅದಕ್ಕೇ ಕೋನಮಾಪಕವಿಟ್ಟು, ಉಸಿರು ಬಿಗಿಹಿಡಿದು, ವೃತ್ತವನ್ನು ನಾಲ್ಕು ಸಮಭಾಗ ಮಾಡಿ ಒಂದಕ್ಕೆ ಕೆಂಪು ಬಳಿದಿದ್ದರು.

ಮರಳಿ ಬಂದಾಗ ವೃತ್ತವಿರಲಿಲ್ಲ. ಕಲ್ಲಂಗಡಿ ಇತ್ತು.

"ಪಾಪ, ನಿಮ್ಮದು ರಸ್ತೆ ಬದಿ ಬೋರ್ಡಿನ ಹಾಗಿತ್ತು ಸ್ವಾಮಿ. ಸ್ವಲ್ಪ ಜೀವ ತುಂಬಿದೆ," ಎಂದರು ಡ್ರಾಯಿಂಗ್ ಮೇಷ್ಟ್ರು, ಕುಂಚ ಒರೆಸಿಕೊಳ್ಳುತ್ತ. "ಲೆಕ್ಕ ಕೆಡಿಸಿಲ್ಲ. ನಾಲ್ಕೇ ಹೋಳು, ಒಂದಕ್ಕೇ ಬಣ್ಣ."

"ಈ ಹೋಳು ಯಾಕ್ರೀ ಇಷ್ಟು ದಪ್ಪ?"

"ಹತ್ತಿರದ್ದು ದೊಡ್ಡದಾಗಿ ಕಾಣುತ್ತೆ, ದೂರದ್ದು ಚಿಕ್ಕದಾಗಿ. ನಿಮ್ಮ ಗಣಿತದಲ್ಲಿ ಇದೆಲ್ಲ ಇಲ್ವಾ?"

ಕೆಂಪು ಹೋಳು ಅರ್ಧ ಹಣ್ಣನ್ನೇ ನುಂಗಿತ್ತು. ಹಿಂದಿನದು ಕತ್ತರಿಸಿ ಎಸೆದ ಉಗುರಿನಂತಿತ್ತು.

ಬೇರೆ ಬರೆಯೋಣವೆಂದರೆ ಹಾಳೆ ಬೀರುವಿನಲ್ಲಿ, ಬೀರುವಿನ ಕೀ ಗುಮಾಸ್ತರ ಜೇಬಿನಲ್ಲಿ, ಗುಮಾಸ್ತರು ಇನ್ಸ್‌ಪೆಕ್ಟರಮ್ಮನನ್ನು ಕರೆತರಲು ಬಸ್ ನಿಲ್ದಾಣದಲ್ಲಿ. ತರಗತಿಯ ಕಪ್ಪು ಹಲಗೆಯ ತುಂಬ ಹೆಡ್‌ಮಿಸ್ ಸುಸ್ವಾಗತ ಬರೆಸಿ, "ಯಾರಾದ್ರೂ ಒರೆಸಿದ್ರೆ ನೋಡಿ," ಎಂದಿದ್ದರು.

ಇನ್ಸ್‌ಪೆಕ್ಟರಮ್ಮ ತರಗತಿಗೆ ಬಂದವರೇ, ಬೇರೆ ದಾರಿಯಿಲ್ಲದೆ ಮೇಷ್ಟ್ರು ಗೋಡೆಗೆ ತೂಗುಹಾಕಿದ್ದ ಕಲ್ಲಂಗಡಿಯತ್ತ ಬೆರಳು ಮಾಡಿದರು. "ಎಷ್ಟು ಭಾಗಕ್ಕೆ ಬಣ್ಣ ಹಚ್ಚಿದೆ ಮಕ್ಕಳೇ?"

ಮೊದಲ ಬೆಂಚಿನ ಹುಡುಗಿ ಎದ್ದಳು.

"ಹೇಳಕ್ಕಾಗಲ್ಲ ಮಿಸ್."

"ಯಾಕಮ್ಮ?"

"ಹೋಳು ಒಂದೇ ಸಮ ಇಲ್ವಲ್ಲ. ಸಮ ಇಲ್ದಿದ್ರೆ ಕಾಲು ಭಾಗ ಅನ್ನಬಾರ್ದು ಅಂತ ಮೇಷ್ಟ್ರು ಹೇಳಿದಾರೆ."

"ನಮ್ಮಕ್ಕ ಹಂಚೋ ಹಾಗಿದೆ ಮಿಸ್," ಎಂದಿತು ಹಿಂದಿನ ಬೆಂಚು.

ಇನ್ಸ್‌ಪೆಕ್ಟರಮ್ಮ ನಕ್ಕುಬಿಟ್ಟರು. ಮೇಷ್ಟ್ರು ನಿಂತಲ್ಲೇ ಒಂದಿಂಚು ಬೆಳೆದರು.

"ತಪ್ಪು ಚಿತ್ರ ತೋರಿಸಿ ಸರಿ ಉತ್ತರ ತೆಗೆಸೋದು. ಎಂಥ ತಲೆ. ಈ ಚಾರ್ಟ್ ಬರೆದವರು ಯಾರು?"

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯಿಂದ ಡ್ರಾಯಿಂಗ್ ಮೇಷ್ಟ್ರ ದನಿ ಬಂತು. "ನಾನೇ ಮೇಡಂ. ಬೇಕಂತ್ಲೇ."

ಸಂಜೆ ಹೆಡ್‌ಮಿಸ್ ಇನ್ಸ್‌ಪೆಕ್ಟರಮ್ಮನ ಆದೇಶ ಓದಿದರು. ಏಳನೇ ತರಗತಿಯ ಗಣಿತ ಡ್ರಾಯಿಂಗ್ ಮೇಷ್ಟ್ರಿಗೆ. ಮೂರನೇ ತರಗತಿಯ ಅಡಿಪಾಯ ಇಷ್ಟು ಗಟ್ಟಿಯಾಗಿರುವುದರಿಂದ ಅಲ್ಲಿನ ಮೇಷ್ಟ್ರನ್ನು ನಿವೃತ್ತಿಯವರೆಗೂ ಕದಲಿಸಕೂಡದು.

ಮೇಷ್ಟ್ರು ಗೇಟು ದಾಟುವಾಗ ಹೆಗಲ ಮೇಲೆ ಕೈ ಬಿತ್ತು.

"ಸ್ವಾಮಿ, ಈ ಬೀಜಗಣಿತ ಅಂದ್ರೇನು? ದಿನಾ ಸಂಜೆ ನನಗೆ ಒಂದ್ಗಂಟೆ ಪಾಠ ಹೇಳ್ತೀರಾ? ಚಿತ್ರ ಹಾಕಿ ಹೇಳಿ, ಬೇಗ ತಲೆಗೆ ಹತ್ತುತ್ತೆ."