ನಮ್ಮ ಓಣಿಗೆ ಹಾಸುಗಲ್ಲು ಬಿದ್ದ ವರ್ಷ

ನೆಲ ಅಗೆಯಲು ಶುರು ಮಾಡಿದ ಕಡೆಯಲ್ಲೆಲ್ಲ ಇಂಥ ಪ್ರಸಂಗಗಳು ನಡೆದೇ ನಡೆಯುತ್ತವೆ. ಅದರಲ್ಲೂ ಒಂದೇ ಓಣಿಯಲ್ಲಿ ಇಪ್ಪತ್ತೆರಡು ಮನೆ ಎದುರುಬದುರು ನಿಂತು, ಎಲ್ಲರ ಬಾಗಿಲೂ ಎಲ್ಲರಿಗೂ ಕಾಣುವಂತಿದ್ದರೆ ಕೇಳುವುದೇ ಬೇಡ. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ಹೊಸಪೇಟೆ ಹತ್ತಿರ ತುಂಗಭದ್ರೆಗೆ ಅಣೆಕಟ್ಟು ಏಳುತ್ತಿತ್ತು. ಸಿಮೆಂಟೆಲ್ಲ ಅಲ್ಲಿಗೇ ಹೋಗುತ್ತದೆ ಎಂದು ನಾವು ಅಣೆಕಟ್ಟಿನ ಮೇಲೂ ಕರುಬುತ್ತಿದ್ದೆವು. ಅಂಥದರಲ್ಲಿ ಕೋಟೆ ಗುಡ್ಡದ ಕೆಳಗಿನ ನಮ್ಮ ಓಣಿಗೆ ಗಾರೆಯಲ್ಲಿ ಕಟ್ಟಿದ ಚರಂಡಿ, ಬಾಗಿಲಿಗೊಂದು ಹಾಸುಗಲ್ಲು, ಎರಡೂ ಕಡೆ ಫುಟ್‌ಪಾತು ಮಂಜೂರಾಯಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಟ್ಟೆಕಿಚ್ಚಿನ ಮನುಷ್ಯ. ಕೋರ್ಟಿನಲ್ಲಿ ನಕಲು ಬರೆಯುವ ಗುಮಾಸ್ತ. ಎದುರುಮನೆಯವನು ಹತ್ತಿ ಪ್ರೆಸ್ಸಿನ ಗುಮಾಸ್ತ. ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತು ‘ಲೇ’ ಎಂದು ಕರೆದುಕೊಂಡು ಬೆಳೆದವರು. ಈಗ ‘ನೀವು’, ‘ತಾವು’ ಎನ್ನುತ್ತಿದ್ದೆವು. ನಡುವೆ ಜಗಳವೇನೂ ಆಗಿರಲಿಲ್ಲ. ಆತ ಗೋಡೆಗೆ ಗಂಟೆ ಹೊಡೆಯುವ ಗಡಿಯಾರ ತಂದು ಹಾಕಿದ. ಅದರ ಸದ್ದು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಆವತ್ತಿನಿಂದ ನಾನು ಆತನ ಟೈಮಿಗೆ ಊಟ ಮಾಡಿ, ಆತನ ಟೈಮಿಗೆ ಕೋರ್ಟಿಗೆ ಹೋಗಬೇಕಾಗಿತ್ತು. ಅಷ್ಟೇ ಕಾರಣ.

೧. ಪೂಜೆ ಯಾರ ಬಾಗಿಲಿಗೆ

ಕೆಲಸ ಶುರುವಾಗುವ ಮುಂಚೆ ಗುದ್ದಲಿ ಪೂಜೆ ಎಂದಾಯಿತು. ಕೌನ್ಸಿಲರು ಬರುತ್ತಾರೆ, ಹಾರ, ಕಾಯಿ, ಮಂಡಕ್ಕಿ ಎಲ್ಲ ಇರುತ್ತದೆ. ಪೂಜೆ ಯಾರ ಮನೆ ಮುಂದೆ ಎಂಬುದೊಂದೇ ಪ್ರಶ್ನೆ. ನಮ್ಮ ಬಾಗಿಲು ಪೂರ್ವಕ್ಕಿದೆ, ಆದ್ದರಿಂದ ಶಾಸ್ತ್ರಪ್ರಕಾರ ನಮ್ಮ ಮನೆಯ ಮುಂದೆಯೇ ಆಗಬೇಕು ಎಂದು ನಾನು ವಾದಿಸಿದೆ. ನಮ್ಮ ಕಟ್ಟೆ ದೊಡ್ಡದಿದೆ, ಹತ್ತು ಜನ ಕೂರಬಹುದು ಎಂದು ಎದುರುಮನೆಯವನು ಹೇಳಿದ. ಕೌನ್ಸಿಲರು ಶಾಸ್ತ್ರ ಬಿಟ್ಟು ಕಟ್ಟೆ ನೋಡಿದರು.

ನಾಲ್ಕು ದಿನ ನನಗೆ ಅನ್ನ ರುಚಿಸಲಿಲ್ಲ. ಐದನೆಯ ದಿನ ಗೊತ್ತಾಯಿತು, ಪೂಜೆ ಆದ ಕಡೆಯೇ ಮೊದಲು ಅಗೆಯುತ್ತಾರಂತೆ. ಆತನ ಬಾಗಿಲ ಮುಂದೆ ಆಳುದ್ದದ ಗುಂಡಿ ಬಿತ್ತು. ಬಿದ್ದ ಮೇಲೆ ಆಳುಗಳು ಬೇರೆ ಓಣಿಗೆ ಹೋದರು. ನಾನು ಕಿಟಕಿಯಲ್ಲಿ ಕೂತು ಹೊಟ್ಟೆ ತುಂಬ ನಕ್ಕೆ, ಎರಡು ತುತ್ತು ಹೆಚ್ಚಿಗೆ ಉಂಡೆ.

ಆದರೆ ಆ ಸುಖ ಬಹಳ ದಿನ ಬಾಳಲಿಲ್ಲ. ಗುಂಡಿ ನೋಡಲು ಪಕ್ಕದ ಓಣಿಗಳಿಂದ ಜನ ಬರತೊಡಗಿದರು. ಬಂದವರು ಆತನ ಕಟ್ಟೆಯ ಮೇಲೆ ಕೂತು, ಕಾಫಿ ಕುಡಿದು, ಎಷ್ಟು ಆಳ, ಎಷ್ಟು ಅಗಲ ಎಂದು ಕೇಳಿದರು. ಆತ ದೊಡ್ಡ ಎಂಜಿನಿಯರನಂತೆ ಕೈ ತೋರಿಸಿ ವಿವರಿಸುತ್ತಿದ್ದ. ನನ್ನ ಮನೆ ಮುಂದೆ ಸಪಾಟಾದ ನೆಲ, ತಿರುಗಿ ನೋಡುವವರಿಲ್ಲ. ತಡೆಯಲಾರದೆ ಒಂದು ದಿನ ಕೆಲಸ ಮಾಡಿಸುತ್ತಿದ್ದ ಓವರ್‌ಸಿಯರರ ಹತ್ತಿರ ಹೋಗಿ, ನಮ್ಮ ಗುಂಡಿ ಯಾವಾಗ ತೋಡುತ್ತೀರಿ ಸ್ವಾಮಿ ಎಂದು ಕೈಮುಗಿದು ಕೇಳಿದೆ.

೨. ಬಿಟ್ಟುಹೋದ ಮನೆ

ಓವರ್‌ಸಿಯರರು ಆದೋನಿ ಕಡೆಯವರು. ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಒಂದು ಬೆಳಿಗ್ಗೆ ಹಗ್ಗ ಹಿಡಿದು ಓಣಿಯುದ್ದಕ್ಕೂ ಸುಣ್ಣದ ಗೆರೆ ಎಳೆಸಿದರು. ಗೆರೆ ದಾಟಿ ಬಂದ ಕಟ್ಟೆಗಳನ್ನೆಲ್ಲ ಕಡಿಯಬೇಕು, ಆ ಜಾಗದಲ್ಲಿ ಫುಟ್‌ಪಾತು ಬರುತ್ತದೆ ಎಂದರು. ನನ್ನ ಕಟ್ಟೆ ಒಂದು ಮೊಳ ಹೋಯಿತು. ಎದುರಿನವನದು ಒಂದೂವರೆ ಮೊಳ ಹೋದದ್ದರಿಂದ ನಾನು ದುಃಖವನ್ನು ಸಹಿಸಿಕೊಂಡೆ.

ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಒಂಟಿಯಾಗಿದ್ದಳು. ಆಕೆಯ ಮನೆಗೆ ಕಟ್ಟೆಯೇ ಇರಲಿಲ್ಲ, ಹಾಗಾಗಿ ಗೆರೆ ಆಕೆಯ ಗೋಡೆ ಮುಟ್ಟದೆ ಹೋಗಿತ್ತು. ಎಲ್ಲರೂ ಕಟ್ಟೆ ಕಳೆದುಕೊಂಡು ಗೋಳಾಡುತ್ತಿದ್ದರೆ ಅಜ್ಜಿ ನೇರವಾಗಿ ಬಂದು ಓವರ್‌ಸಿಯರರ ಮುಂದೆ ನಿಂತಳು.

“ಎಲ್ಲಾರ ಮನೀದು ಕಡದ್ರಿ. ನಮ್ಮ ಮನಿ ಯಾಕ ಬಿಟ್ರಿ? ನಾನೇನು ಈ ಓಣ್ಯಾಕಿ ಅಲ್ಲೇನು?”

ನಿಮ್ಮದು ಏನೂ ಮುಂದೆ ಬಂದಿಲ್ಲ ಅಮ್ಮಾ, ಕಡಿಯಲು ಏನಿದೆ ಎಂದು ಅವರು ಎರಡೂ ಭಾಷೆಯಲ್ಲಿ ಹೇಳಿನೋಡಿದರು. ಅಜ್ಜಿ ಕದಲಲಿಲ್ಲ. ಗಂಡ ಇದ್ದಿದ್ದರೆ ಹೀಗೆ ಬಿಟ್ಟುಹೋಗುತ್ತಿದ್ದರೇ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೊನೆಗೆ ಓವರ್‌ಸಿಯರರು ಕಲ್ಲುಕೆಲಸದ ಗೌಂಡಿಯನ್ನು ಕರೆದು, ಆಕೆಯ ಹೊಸ್ತಿಲ ಪಕ್ಕದ ಮೆಟ್ಟಿಲಿನ ಮೂಲೆಯಲ್ಲಿ ಒಂದು ಚೂರು ಕೆತ್ತಿಸಿದರು. ಅಜ್ಜಿ ಆ ಚೂರನ್ನು ಮಡಿಲಲ್ಲಿ ಕಟ್ಟಿಕೊಂಡು ಸಂಜೆಯವರೆಗೆ ಮನೆ ಮನೆಗೆ ಹೋಗಿ, “ನಮ್ಮದೂ ಕಡದ್ರವ್ವಾ, ಏನು ಮಾಡೋದು” ಎಂದು ಎಲ್ಲರೊಂದಿಗೆ ಅತ್ತು ಬಂದಳು.

೩. ಸಿರುಗುಪ್ಪದ ಅಕ್ಕ

ನನ್ನ ಹೆಂಡತಿಯ ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ನೀರಾವರಿ ಗದ್ದೆಯ ಮನೆ, ಅಂಗಳಕ್ಕೆಲ್ಲ ಕಲ್ಲು ಹಾಸಿಸಿದ್ದರು. ಬಂದಾಗಲೆಲ್ಲ ಆಕೆ ನಮ್ಮ ಓಣಿಯಲ್ಲಿ ಸೀರೆ ಎತ್ತಿ ಹಿಡಿದು, ಮೂಗು ಮುಚ್ಚಿಕೊಂಡು ನಡೆಯುತ್ತಿದ್ದಳು. ನಮ್ಮಾಕಿಗೆ ಅದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಆ ಸಲ ಅಕ್ಕ ಬರುವಾಗ ಎರಡೂ ಕಡೆ ಚರಂಡಿ ತೋಡಿ ಬಿಟ್ಟಿದ್ದರು. ದಾಟಲು ನಾನು ಒಂದು ಹಲಗೆ ಹಾಕಿದ್ದೆ. ಎದುರುಮನೆಯವನು ಎರಡು ಹಲಗೆ ಜೋಡಿಸಿ, ಹಿಡಿದುಕೊಳ್ಳಲು ಹಗ್ಗವನ್ನೂ ಕಟ್ಟಿದ್ದ. ಅಕ್ಕ ಸ್ವಲ್ಪ ದಪ್ಪ ದೇಹದವಳು. ನಮ್ಮ ಹಲಗೆಯನ್ನು ನೋಡಿದಳು, ಅವರ ಹಲಗೆಯನ್ನು ನೋಡಿದಳು, ಹಗ್ಗ ಹಿಡಿದು ಅವರ ಮನೆಗೆ ದಾಟಿಬಿಟ್ಟಳು. ಅವರ ಕಟ್ಟೆಯ ಮೇಲೆ ಕೂತು ಕಾಫಿ ಕುಡಿದು, ಓಣಿಯ ಆಚೆಯಿಂದಲೇ ತಂಗಿಯ ಕಷ್ಟಸುಖ ಕೇಳಿದಳು. ನಮ್ಮಾಕಿ ಈಚೆ ಬಾಗಿಲಲ್ಲಿ ನಿಂತು, ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಉತ್ತರ ಕೊಟ್ಟಳು. ಕೊನೆಗೆ ಆ ಹೋಳಿಗೆಯನ್ನೂ ನಾನೇ ದಾಟಿಸಿ ಎದುರುಮನೆಯಲ್ಲಿ ಬಡಿಸಿ ಬರಬೇಕಾಯಿತು.

ನಾಗರ ಪಂಚಮಿಗೆ ಮತ್ತೆ ಬರುತ್ತೇನೆ ಎಂದು ಹೇಳಿ ಅಕ್ಕ ಹೋದಳು. ಆಕೆಯ ಬಸ್ಸು ಹೊರಟ ಮೇಲೆ ನಮ್ಮಾಕಿ ನನಗೆ ಹೇಳಿದಳು: “ಪಂಚಮಿ ಒಳಗ ನಮ್ಮ ಬಾಗಲಿಗೆ ಓಣಿಗೇ ದೊಡ್ಡ ಕಲ್ಲು ಬೀಳಬೇಕು ನೋಡ್ರಿ. ಇಲ್ಲಂದ್ರ ನಾನು ಕುರುಗೋಡಿಗೆ ಹೋಗಾಕಿ.”

ಕುರುಗೋಡು ಆಕೆಯ ತವರು. ಆಕೆ ಸುಮ್ಮನೆ ಹೆದರಿಸುವವಳಲ್ಲ.

೪. ದೊಡ್ಡ ಕಲ್ಲು

ಹಾಸುಗಲ್ಲುಗಳು ಬಂದದ್ದೂ ಕುರುಗೋಡಿನಿಂದಲೇ, ಎತ್ತಿನ ಗಾಡಿಗಳಲ್ಲಿ. ನಮ್ಮ ತವರಿನ ಕಲ್ಲು, ಮೊದಲು ಆರಿಸುವ ಹಕ್ಕು ನಮ್ಮದೇ ಎಂದು ನಮ್ಮಾಕಿ ಸಾರಿಬಿಟ್ಟಳು. ಅದನ್ನು ಯಾರೂ ಒಪ್ಪಲಿಲ್ಲ. ಓಣಿಯ ಹೆಂಗಸರೆಲ್ಲ ಸೀರೆ ಅಂಗಡಿಗೆ ಹೋದಂತೆ ಬಂದು ಕಲ್ಲುಗಳನ್ನು ಸವರಿ ನೋಡಿದರು. ಅವುಗಳಲ್ಲಿ ಒಂದು ಕಲ್ಲು ಆಳೆತ್ತರವಿತ್ತು, ಮುಖ ನುಣ್ಣಗಿತ್ತು. ಅದನ್ನು ಇಳಿಸಿದವರು ಓಣಿಯ ಅರ್ಧದಲ್ಲಿ, ಸುಣ್ಣದ ಗೆರೆಗೆ ತಾಗಿ ನಿಂತಿದ್ದ ಬೇವಿನ ಮರಕ್ಕೆ ಒರಗಿಸಿ ನಿಲ್ಲಿಸಿದ್ದರು. ಎದುರುಮನೆಯವನು ಅದರ ಸುತ್ತ ಎರಡು ಸಲ ಸುಳಿದಾಡಿದ್ದನ್ನು ನಾನು ಕಂಡೆ.

ನಾನು ಗೌಂಡಿಗೆ ಎಲೆಯಡಿಕೆ ಕೊಟ್ಟು ಮಾತಾಡಿಸಿದೆ. ಆತ ಒಳ್ಳೆಯ ಮನುಷ್ಯ. ಆಗಲಿ, ಅದನ್ನು ನಿಮ್ಮ ಬಾಗಿಲಿಗೇ ಹಾಕುತ್ತೇನೆ, ನನಗೆ ತಿಳಿಯುವಂತೆ ಒಂದು ಗುರುತು ಮಾಡಿಡಿ ಎಂದ. ಇದ್ದಿಲಿನಿಂದ ಬರೆದರೆ ಎದುರಿನವನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಾನೆ. ಸುಣ್ಣವಾದರೂ ಕೆರೆದುಹಾಕುತ್ತಾನೆ. ಒರೆಸಲು ಯಾರಿಗೂ ಧೈರ್ಯ ಬಾರದಂಥ ಗುರುತು ಯಾವುದು ಎಂದು ಬಹಳ ಯೋಚಿಸಿದೆ. ಮರುದಿನ ಕೋರ್ಟಿನಿಂದ ಮಧ್ಯಾಹ್ನದ ಊಟಕ್ಕೆ ಬಂದವನು, ಬಿಸಿಲಿಗೆ ಹೆದರಿ ಓಣಿಯೆಲ್ಲ ಬಾಗಿಲು ಹಾಕಿಕೊಂಡು ಮಲಗಿದ್ದಾಗ, ದೇವರ ಗೂಡಿನಿಂದ ಕುಂಕುಮದ ಬಟ್ಟಲು ತೆಗೆದುಕೊಂಡು ಹೋಗಿ ಕಲ್ಲಿನ ನೆತ್ತಿಗೆ ಒಂದು ದೊಡ್ಡ ಬೊಟ್ಟು ಇಟ್ಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಕೋರ್ಟಿಗೆ ವಾಪಸಾದೆ.

ಸಂಜೆ ಬಂದು ನೋಡುತ್ತೇನೆ, ಬೇವಿನ ಮರದ ಸುತ್ತ ಜನವೋ ಜನ. ಕಲ್ಲಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಕೆಳಗೆ ಕಾಯಿ ಒಡೆದಿತ್ತು, ಊದುಬತ್ತಿ ಹೊಗೆಯಾಡುತ್ತಿತ್ತು. ಕೊನೆಯ ಮನೆಯ ಅಜ್ಜಿ ಉಸಿರು ಕಟ್ಟಿಕೊಂಡು ಪ್ರದಕ್ಷಿಣೆ ಹಾಕುತ್ತಿದ್ದಳು. ಆರತಿ ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತವಳು ನನ್ನ ಹೆಂಡತಿಯೇ.

ಗೌಂಡಿಯನ್ನು ಪಕ್ಕಕ್ಕೆ ಕರೆದು, ಅದು ನಮ್ಮ ಕಲ್ಲಲ್ಲವೇನಪ್ಪಾ ಎಂದು ಪಿಸುಗುಟ್ಟಿದೆ. ಆತ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

“ತಪ್ಪು ತಪ್ಪು ಅನ್ರಿ. ಅವ್ವ ತಾನಾಗಿ ಬಂದು ನಿಂತಾಳ. ಇದನ್ನ ಗಟಾರದ ಮ್ಯಾಲೆ ಹಾಕಾಕ ನನ್ನ ಕೈ ಬರಂಗಿಲ್ಲ.”

ಬೊಟ್ಟು ಇಟ್ಟವನು ನಾನೇ ಎಂದು ಹೇಳೋಣವೆಂದರೆ, ಹೇಳಿದ ಮೇಲೆ ಆ ಓಣಿಯಲ್ಲಿ ನಾನು ಬಾಳುವಂತಿರಲಿಲ್ಲ. ಮನೆಯಲ್ಲಂತೂ ಮೊದಲೇ ಇಲ್ಲ. ಓವರ್‌ಸಿಯರರು ತಲೆ ಕೆರೆದುಕೊಂಡು, “ಅಮ್ಮವಾರಿತೋ ಮನಕೆಂದುಕಂಡಿ” ಎಂದರು. ದೇವಿಯ ತಂಟೆ ನಮಗೇಕೆ ಎಂದು ಫುಟ್‌ಪಾತನ್ನು ಮರದ ಸುತ್ತ ಬಳಸಿ ಹಾಕಿಸಿದರು. ಹೀಗೆ ಲೆಕ್ಕದಲ್ಲಿ ಒಂದು ಕಲ್ಲು ಕಡಿಮೆ ಬಿತ್ತು. ಕಡಿಮೆ ಬಿದ್ದದ್ದು ನಮ್ಮ ಬಾಗಿಲಿಗೇ. ಎರಡು ಒಡಕು ತುಂಡು ಜೋಡಿಸಿ ನಮಗೆ ಸಮಾಧಾನ ಹೇಳಿದರು. ಎದುರುಮನೆಯವನಿಗೆ ಅಖಂಡ ಕಲ್ಲು ಸಿಕ್ಕಿತು. ದಿನಾ ಬೆಳಿಗ್ಗೆ ಅದರ ಮೇಲೆ ಆತನ ಹೆಂಡತಿ ಬಿಡಿಸುವ ರಂಗೋಲಿಯನ್ನು ನೋಡಿ ನನ್ನ ಹೊಟ್ಟೆ ಧಗಧಗ ಎನ್ನುತ್ತಿತ್ತು.

ಪಂಚಮಿಗೆ ಅಕ್ಕ ಬಂದಳು. ನಾನು ನಮ್ಮಾಕಿಯ ಟ್ರಂಕಿನ ಮೇಲೆ ಕಣ್ಣಿಟ್ಟು ಕೂತಿದ್ದೆ. ಆಕೆ ಒಡಕು ಕಲ್ಲನ್ನು ತುಳಿದುಕೊಂಡೇ ಒಳಗೆ ಬಂದಳು, ನೋಡಲೂ ಇಲ್ಲ. ಮೊದಲು ದೇವಿಯ ದರ್ಶನ ಮಾಡಿಸು ಎಂದಳು. ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಂತು, “ನಮ್ಮ ಸಿರುಗುಪ್ಪದ ಅಷ್ಟು ದೊಡ್ಡ ಮನ್ಯಾಗ ಇದ್ದು ಏನು ಬಂತವ್ವಾ? ದೇವಿ ಬಂದಿದ್ದು ನಿಮ್ಮ ಓಣಿಗೆ” ಎಂದು ಮುಖ ಸಣ್ಣದು ಮಾಡಿಕೊಂಡಳು. ನಮ್ಮಾಕಿ ಆವತ್ತು ಇಟ್ಟುಕೊಂಡ ಬಿಂಕ ವರ್ಷಗಟ್ಟಲೆ ಇಳಿಯಲಿಲ್ಲ. ಇಡೀ ಓಣಿಯಲ್ಲಿ ಸತ್ಯ ಗೊತ್ತಿದ್ದವನು ನಾನೊಬ್ಬನೇ ಎಂದು ನಾನು ತಿಳಿದಿದ್ದೆ.

ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ವರ್ಷ, ಒಂದು ಸಂಜೆ ನಾನೂ ಎದುರುಮನೆಯವನೂ ಮರದ ಹತ್ತಿರ ಒಟ್ಟಿಗೇ ಬಂದೆವು. ಆತ ಆಚೀಚೆ ನೋಡಿ, ಕೆಳದನಿಯಲ್ಲಿ ಕೇಳಿದ.

“ಕುಂಕುಮ ಹಚ್ಚಿದಾಂವ ನೀನ ಅಲ್ಲೇನಲೇ?”

ಎಷ್ಟೋ ವರ್ಷಗಳ ಮೇಲೆ ಆತನ ಬಾಯಲ್ಲಿ ‘ಲೇ’ ಕೇಳಿದ್ದೆ. ನಿನಗೆ ಹೇಗೆ ಗೊತ್ತು ಎಂದೆ.

“ನಾನೂ ಊಟಕ್ಕ ಬಂದಿದ್ದೆ, ಕಿಟಕ್ಯಾಗಿಂದ ನೋಡಿದ್ನೆಪಾ. ಆ ಕಲ್ಲಿನ ಮ್ಯಾಲೆ ನನಗೂ ಕಣ್ಣಿತ್ತು. ಒರಸಾಕ ಧೈರ್ಯ ಆಗ್ಲಿಲ್ಲ. ನನಗ ಸಿಗದಿದ್ದದ್ದು ನಿನಗೂ ಸಿಗಬಾರದು ಅಂತ ನಾನ ಹೋಗಿ ಕಾಯಿ ಒಡದೆ.”

ನನಗೆ ಸಿಟ್ಟು ಬರಬೇಕಾಗಿತ್ತು. ಅದಕ್ಕಿಂತ ಮೊದಲು, ಆ ಉಪಾಯ ನನಗೆ ಹೊಳೆಯಲಿಲ್ಲವಲ್ಲಾ ಎಂದು ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಕೊನೆಯ ಮನೆಯ ಅಜ್ಜಿ ದೀಪ ಹಚ್ಚಲು ಎಣ್ಣೆ ಬಟ್ಟಲು ಹಿಡಿದು ಬಂದಳು. ಆಕೆಯನ್ನು ಕಂಡದ್ದೇ ಆತ ಗಬಕ್ಕನೆ ಕಣ್ಣು ಮುಚ್ಚಿ ಕೈ ಮುಗಿದ. ನಾನೂ ಮುಗಿದೆ. ಅಜ್ಜಿ ದೀಪ ಹಚ್ಚುತ್ತಾ, ಇಬ್ಬರಲ್ಲಿ ಯಾರಿಗೆ ಭಕ್ತಿ ಹೆಚ್ಚು ಅಂತ ಹೇಳುವುದೇ ಕಷ್ಟ ಎಂದಳು.

ಅಜ್ಜಿ ಹೋದ ಮೇಲೆ ಆತ ಕೈ ಇಳಿಸಿದನೇ ಎಂದು ನಾನು ಒಂದು ಕಣ್ಣು ತೆರೆದು ನೋಡಿದೆ. ಆತನೂ ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ. ಇಬ್ಬರೂ ಮತ್ತೆ ಕಣ್ಣು ಮುಚ್ಚಿದೆವು. ಆತನ ಮನೆಯ ಗಡಿಯಾರ ಏಳು ಹೊಡೆಯಿತು, ಏಳೂವರೆ ಹೊಡೆಯಿತು. ಊಟಕ್ಕೆ ಕರೆಯಲು ನಮ್ಮಿಬ್ಬರ ಹೆಂಡಿರೂ ಬರುವವರೆಗೆ ಕೈ ಇಳಿಸಿದವರು ಯಾರೂ ಇಲ್ಲ.