ಅಪ್ಸರಕೊಂಡ ಈಗಲ್ಸ್ ಮತ್ತು ನಮ್ಮ ಮುರಳಿ

ನನಗೆ ಬಾಸ್ಕೆಟ್‌ಬಾಲ್ ಆಡಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನನ್ನ ಎತ್ತರ ಐದು ಅಡಿ ಮೂರು ಇಂಚು. ಹೈಸ್ಕೂಲಿನಲ್ಲಿ ಒಮ್ಮೆ ಚೆಂಡು ನೇರವಾಗಿ ಬಂದು ಮೂಗಿಗೆ ಬಡಿದದ್ದನ್ನು ಬಿಟ್ಟರೆ ಆ ಆಟಕ್ಕೂ ನನಗೂ ಸಂಬಂಧವೇ ಇರಲಿಲ್ಲ. ಆದರೆ ಮನುಷ್ಯನ ಸ್ವಭಾವ ನೋಡಿ, ತನಗೆ ಬಾರದ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸುವುದರಲ್ಲಿ ಅವನಿಗೆ ಏನೋ ಒಂದು ಸುಖ. ಎರಡು ಸಾವಿರದ ಐದರ ಸುಮಾರಿಗೆ ನಾನು ಹನ್ನೆರಡು ಮಂದಿ ಆಟಗಾರರ ತಂಡವೊಂದಕ್ಕೆ ಮಾಲೀಕನೂ ತರಬೇತುದಾರನೂ ಆಗಿದ್ದೆ. ಆ ಹನ್ನೆರಡು ಮಂದಿಯಲ್ಲಿ ಒಬ್ಬನೂ ಈ ಭೂಮಿಯ ಮೇಲೆ ಇರಲಿಲ್ಲ ಎನ್ನುವುದು ಬೇರೆ ಮಾತು.

ಮಗಳ ಪಿಯುಸಿ ಫಲಿತಾಂಶ ನೋಡಲು ಕುಮಟಾ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗೆ ಹೋದದ್ದೇ ಇದಕ್ಕೆಲ್ಲ ಕಾರಣ. ಕೆಫೆ ನಡೆಸುತ್ತಿದ್ದವರು ಭಟ್ಕಳದ ಇಲಿಯಾಸ್ ಭಾಯಿ. ಫಲಿತಾಂಶದ ಪುಟ ತೆರೆದುಕೊಳ್ಳದೆ ನಾನು ಬೆವರುತ್ತಿದ್ದಾಗ ಅವರು ಪಕ್ಕದ ಪರದೆಯಲ್ಲಿ ಇಂಟರ್‌ನೆಟ್ಟಿನ ಈ ಬಾಸ್ಕೆಟ್‌ಬಾಲ್ ಆಟ ತೋರಿಸಿದರು. ಹದಿನಾರು ದೇಶದ ಹದಿನಾರು ಮಂದಿ ತಲೆಗೊಂದು ತಂಡ ಕಟ್ಟುವುದು, ಯಾರನ್ನು ಆಡಿಸಬೇಕೆಂದು ಬರೆದಿಡುವುದು. ಪಂದ್ಯ ಆಡಿ ಸೋಲು ಗೆಲುವು ತಿಳಿಸುವುದು ಕಂಪ್ಯೂಟರಿನ ಕೆಲಸ. ಮಗಳು ಪಾಸಾದಳು. ಅಪ್ಪ ಸಿಕ್ಕಿಬಿದ್ದ. ತಂಡಕ್ಕೆ ನಮ್ಮ ಕಡೆಯ ಜಲಪಾತದ ಅಭಿಮಾನದಿಂದ ‘ಅಪ್ಸರಕೊಂಡ ಈಗಲ್ಸ್’ ಎಂದು ಹೆಸರಿಟ್ಟೆ. ಫಿನ್‌ಲ್ಯಾಂಡಿನ ಮಾಲೀಕನೊಬ್ಬ ಅದನ್ನು ಹೇಗೆ ಉಚ್ಚರಿಸುವುದೆಂದು ಕೇಳಿ ಬರೆದ. ನಾನು ವಿವರಿಸಿದ ಮೇಲೆ ಅವನು ಇನ್ನೂ ತಪ್ಪಾಗಿ ಬರೆಯತೊಡಗಿದ.

ದಿನಾ ಆಫೀಸು ಬಿಟ್ಟವನು ಸೈಬರಿಗೆ ಹೋಗಿ, ಏಳು ಗಂಟೆಗೆ ಮನೆಗೆ ಬಂದು ಚಹಾ ಕುಡಿಯುತ್ತ ಅಂದಿನ ಪಂದ್ಯದ ವರದಿ ಒಪ್ಪಿಸುವುದು ರೂಢಿಯಾಯಿತು. ಹೆಂಡತಿ ಸುಮಿತ್ರಾ ಹ್ಞೂಂಗುಡುತ್ತ ಅಕ್ಕಿ ಆರಿಸುತ್ತಿದ್ದಳು. ನಿಜವಾಗಿ ಕೇಳುತ್ತಿದ್ದವಳು ನನ್ನ ತಾಯಿ. ಆಯಿಗೆ ಆಗ ಎಪ್ಪತ್ತಾರು. ನನ್ನ ತಂಡದ ನಾಯಕ ಏಳು ಅಡಿ ಎರಡು ಇಂಚಿನ ಮಿರೊಸ್ಲಾವ್ ಎಂಬವನು. ಆಯಿಯ ಬಾಯಲ್ಲಿ ಅವನು ಮೂರನೆಯ ದಿನಕ್ಕೇ ಮುರಳಿಯಾದ. ‘ಏಳಡಿ ಅಂದ್ರೆ ಬಾಗ್ಲಲ್ಲಿ ಹೆಂಗೆ ಬತ್ನೋ?’ ಎಂದು ಕೇಳಿದಳು. ಮದುವೆಯಾಗಿಲ್ಲ ಎಂದಾಗ, ‘ಅಷ್ಟುದ್ದದವಂಗೆ ಹೆಣ್ಣು ಕೊಡೂರು ಯಾರು’ ಎಂದು ನಿಟ್ಟುಸಿರಿಟ್ಟಳು. ನಮ್ಮ ಎರಡೂವರೆ ತಿಂಗಳಿಗೆ ಆ ಆಟದಲ್ಲಿ ಒಂದು ವರ್ಷ, ಅಂದರೆ ಒಂದು ಸೀಸನ್, ಮುಗಿಯುತ್ತಿತ್ತು. ಅದು ಅವಳಿಗೆ ಕೊನೆಗೂ ಸರಿಹೋಗಲಿಲ್ಲ. ‘ಚೌತಿಗೆ ಮೂವತ್ಮೂರು ಅಂದಿದ್ದೆ. ಈಗ ಮೂವತ್ತಾರಾ? ಸಮಾ ಊಟ ಮಾಡ್ತ್ನೋ ಇಲ್ವೋ ಅಂವ!’

ಆರನೆಯ ಸೀಸನ್ ಶುರುವಾಗುವ ಮೊದಲು, ಪ್ರತಿಯೊಬ್ಬ ಮಾಲೀಕನೂ ತನ್ನ ತಂಡದ ಮುನ್ನೋಟ ಬರೆದು ಭಾನುವಾರ ಮಧ್ಯಾಹ್ನದೊಳಗೆ ಹಾಕಬೇಕೆಂದು ಆಟ ನಡೆಸುವವರಿಂದ ಆದೇಶ ಬಂತು. ನಾನು ಸರಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಟಿಪ್ಪಣಿ ಬರೆದವನು. ಆದೇಶ ಎಂದರೆ ಕೈ ತಾನಾಗಿ ಪೆನ್ನು ಹುಡುಕುತ್ತದೆ. ನಾಲ್ಕು ಹಾಳೆ ಬರೆದೆ. ತಂಡದ ಓಟ ನಿಧಾನವಾಗಿರುವುದನ್ನು ಪರಿಶೀಲಿಸಲಾಗಿದೆ, ಎಡಬದಿಯ ರಕ್ಷಣೆ ತೃಪ್ತಿಕರವಾಗಿಲ್ಲ, ಹತ್ತೊಂಬತ್ತು ವರ್ಷದ ಚುರುಕಾದ ಆಟಗಾರನೊಬ್ಬ ಲಭ್ಯನಿದ್ದಾನೆ ಎಂದೆಲ್ಲ ಬರೆದು, ಹನ್ನೆರಡೇ ಜಾಗ ಇರುವುದರಿಂದ ‘ವಯಸ್ಸಿನ ಕಾರಣ ಮಿರೊಸ್ಲಾವ್ ಇವರನ್ನು ತಂಡದಿಂದ ಬಿಡುಗಡೆಗೊಳಿಸುವುದು ಸೂಕ್ತ’ ಎಂದು ಮುಗಿಸಿದೆ. ಭಾಷೆ ನನಗೇ ಬಹಳ ಹಿಡಿಸಿತು. ಶನಿವಾರ ಸಂಜೆ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ.

ಓದಿ ತಲೆ ಎತ್ತಿದರೆ ಆಯಿ ನನ್ನನ್ನೇ ನೋಡುತ್ತಿದ್ದಳು. ‘ಅವಂಗೆ ಹೇಳಿದ್ಯಾ?’ ಎಂದಳು.

‘ಹೇಳುವುದೆಂತ ಆಯಿ? ಪಟ್ಟಿಯಿಂದ ಹೆಸರು ತೆಗೆದರೆ ಆತು.’

‘ನಿನ್ನಪ್ಪಂಗೂ ಹಿಂಗೇ ಒಂದು ಕಾಗ್ದ ಬಂದಿತ್ತು’ ಎಂದು ಎದ್ದು ಒಳಗೆ ಹೋದಳು.

ಅಪ್ಪ ಹೊನ್ನಾವರದಿಂದ ಗೇರುಸೊಪ್ಪೆಗೆ ಶರಾವತಿಯಲ್ಲಿ ಓಡುತ್ತಿದ್ದ ಲಾಂಚೊಂದರ ತಾಂಡೇಲನಾಗಿದ್ದ. ಚುಕ್ಕಾಣಿ ಅವನ ಕೈಯಲ್ಲಿ. ಹೊಳೆಯ ಯಾವ ತಿರುವಿನಲ್ಲಿ ಮರಳು ದಿಬ್ಬ ಎದ್ದಿದೆ ಎಂದು ನೀರಿನ ಬಣ್ಣ ನೋಡಿಯೇ ಹೇಳುತ್ತಿದ್ದನಂತೆ. ಬಸ್ಸುಗಳು ಹೆಚ್ಚಿ ಲಾಂಚು ನಿಂತಾಗ ಯಜಮಾನರು ಬರಲಿಲ್ಲ, ಕರೆಸಲೂ ಇಲ್ಲ. ಎರಡು ಸಾಲಿನ ಕಾಗದ ಬಂತು. ಅಪ್ಪ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಒಂದು ವಾರ ಹೊತ್ತಿಗೆ ಸರಿಯಾಗಿ ಬಂದರಿಗೆ ಹೋಗಿ ಕೂತು ಬರುತ್ತಿದ್ದ. ನಾನಾಗ ಆರನೇ ಇಯತ್ತೆ. ಈ ಕಥೆ ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ, ಅಂಥದೇ ಕಾಗದವನ್ನು ಇಷ್ಟು ಚೆನ್ನಾಗಿ ಬರೆದಿದ್ದೆನಲ್ಲ ಎಂದು ಕಿವಿ ಬಿಸಿಯಾಯಿತು.

ಮರುದಿನ ಬೆಳಿಗ್ಗೆ ಆಯಿ ದೋಸೆ ಬಡಿಸಿದಳು, ಮಾತು ಬಡಿಸಲಿಲ್ಲ. ಸುಮಿತ್ರಾ ಚಟ್ನಿಯ ಪಾತ್ರೆಯನ್ನು ಕುಕ್ಕಿ, ‘ಐದು ವರ್ಷ ಆಡ್ದೋನು. ಈ ಒಂದು ಸಲ ಇರ್ಲಿ ಅಂದ್ರೆ ನಿಮ್ಮ ಗಂಟು ಎಂತ ಹೋಗ್ತದೆ?’ ಎಂದಳು. ಅಕ್ಕಿ ಆರಿಸುತ್ತ ಅವಳೂ ಎಲ್ಲ ಕೇಳಿಸಿಕೊಂಡಿದ್ದಳೆಂದು ತಿಳಿದದ್ದು ಆಗಲೇ. ಅವನು ಮನುಷ್ಯನೇ ಅಲ್ಲ, ಬರೀ ಅಂಕೆಗಳು ಎಂದು ಹೇಳಲು ಬಾಯಿ ತೆರೆದೆ. ಇಬ್ಬರ ಮುಖ ನೋಡಿ ದೋಸೆ ತುಂಬಿಕೊಂಡೆ.

ಸೈಬರಿಗೆ ಹೋಗಿ ಆ ಹತ್ತೊಂಬತ್ತರ ಹುಡುಗನ ಆಸೆ ಬಿಟ್ಟೆ. ಮುನ್ನೋಟದ ಕೊನೆಯ ಸಾಲನ್ನು ಹೊಡೆದುಹಾಕಿ ‘ನಾಯಕನ ಅನುಭವವೇ ಈ ಸಲ ನಮ್ಮ ಬಲ’ ಎಂದು ತಿದ್ದಿದೆ. ಇಲಿಯಾಸ್ ಭಾಯಿ ಬಗ್ಗಿ ಓದಿ, ‘ಎಂತ ಸಾರ್, ಮುದುಕನ್ನ ಇಟ್ಕೊಂಡು ಲೀಗ್ ಗೆಲ್ತೀರಾ?’ ಎಂದು ನಕ್ಕರು. ‘ಮನೆಯಲ್ಲಿ ಊಟ ಆಗಬೇಕಲ್ಲ ಭಾಯಿ’ ಎಂದೆ. ಅವರು ತಕ್ಷಣ ನಗು ನಿಲ್ಲಿಸಿ, ‘ಅದು ಸರಿ ಬಿಡಿ. ನಮ್ಮನೆಯಲ್ಲೂ ಅಮ್ಮನದ್ದೇ ಲಾಸ್ಟ್ ವರ್ಡ್’ ಎಂದರು.

ಆ ಸೀಸನ್ನಿನಲ್ಲಿ ಹದಿನಾರರಲ್ಲಿ ಹದಿನಾಲ್ಕನೆಯವರಾದೆವು. ನಾನು ಬಿಟ್ಟ ಹುಡುಗ ಫಿನ್‌ಲ್ಯಾಂಡಿನವನ ತಂಡ ಸೇರಿ ಅವನಿಗೆ ಕಪ್ ಗೆದ್ದುಕೊಟ್ಟ. ಮುರಳಿ ಹೆಚ್ಚಿನ ಪಂದ್ಯಗಳಲ್ಲಿ ಬೆಂಚಿನ ಮೇಲೇ ಇದ್ದ. ಅವನು ಆಡಿದ ದಿನ ತಂಡಕ್ಕೆ ಇನ್ನೂ ಕಷ್ಟವಾಗುತ್ತಿತ್ತು. ಸೀಸನ್ ಮುಗಿದ ಮರುದಿನ ಪರದೆಯ ಮೇಲೆ ಒಂದೇ ಸಾಲು ಬಂದಿತ್ತು: ಮಿರೊಸ್ಲಾವ್ ನಿವೃತ್ತನಾಗಿದ್ದಾನೆ. ಕಂಪ್ಯೂಟರ್ ತಾನೇ ತೀರ್ಮಾನಿಸಿತ್ತು, ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ನಂಬಿದರೆ ನಂಬಿ, ಆ ಸಾಲನ್ನು ನೋಡುತ್ತ ಸುಮಾರು ಹೊತ್ತು ಕೂತಿದ್ದೆ.

ಹೆದರುತ್ತಲೇ ಆಯಿಗೆ ಹೇಳಿದೆ. ‘ತಾನಾಗಿ ಬಿಟ್ನಾ?’ ಎಂದಳು. ಹೌದೆಂದೆ. ‘ಹಂಗಾರೆ ಆತು. ಈಗ ಎಲ್ಲಿದ್ದ?’

ಇಲ್ಲಿ ನಾನು ತಪ್ಪಿದೆ. ಗೊತ್ತಿಲ್ಲ ಎನ್ನುವ ಬದಲು, ‘ಅವನ ಊರಲ್ಲಿ ಒಂದು ಅಂಗಡಿ ಹಾಕಿದ್ದಾನಂತೆ’ ಎಂದುಬಿಟ್ಟೆ. ಅಂಗಡಿ ಹಾಕಿದವನಿಗೆ ಮದುವೆ ಆಗಬೇಕಾಯಿತು. ಮದುವೆಯಾದವನಿಗೆ ಮಗು. ಪಂದ್ಯದ ವರದಿಯ ಜಾಗದಲ್ಲಿ ಈಗ ದಿನಾ ಸಂಜೆ ಮುರಳಿಯ ಸಂಸಾರದ ವರದಿ. ತಂಡ ನಡೆಸುವುದಕ್ಕಿಂತ ಇದು ಕಷ್ಟವಾಗಿತ್ತು. ಒಮ್ಮೆ ಮಗುವನ್ನು ಗಂಡೆಂದೂ ಇನ್ನೊಮ್ಮೆ ಹೆಣ್ಣೆಂದೂ ಹೇಳಿದೆ. ಆಯಿ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡಳು.

ಮರುದಿನ ಅಡುಗೆಮನೆಯ ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದಾಗ ಒಳಗಿನ ಮಾತು ಕಿವಿಗೆ ಬಿತ್ತು. ಸುಮಿತ್ರಾ, ‘ಅತ್ತೆ, ಆ ಮುರಳಿ ಎಲ್ಲೂ ಇಲ್ಲ ಅಂತ ನಿಮ್ಗೆ ಗೊತ್ತಿಲ್ವಾ?’ ಎನ್ನುತ್ತಿದ್ದಳು.

‘ಗೊತ್ತಿಲ್ದೆ ಎಂತ ಮಗಾ’ ಎಂದಳು ಆಯಿ. ‘ಆದ್ರೆ ಅಂವ ಬಂದ್ಮೇಲೆ ಅಲ್ದನಾ ನಿನ್ನ ಗಂಡ ನನ್ನ ಹತ್ರ ದಿನಾ ಕೂತು ಮಾತಾಡೂಕೆ ಶುರು ಮಾಡಿದ್ದು? ಮೊದ್ಲು ಪೇಪರ್ ಹಿಡ್ದು ಕೂತ್ರೆ ತಲೆ ಎತ್ತಿದ್ನಾ?’

ನಾನು ಮತ್ತೆ ಚಪ್ಪಲಿ ಮೆಟ್ಟಿ, ಅಂಗಳಕ್ಕೆ ಹೋಗಿ, ಜೋರಾಗಿ ಕೆಮ್ಮಿ, ಆಗಷ್ಟೇ ಬಂದವನಂತೆ ಬಂದೆ. ಆಯಿ ಎಲೆಯ ತಟ್ಟೆ ಹಿಡಿದು ಜಗಲಿಗೆ ಬಂದಾಗ ಅವಳ ಪಕ್ಕ ಕೂತು, ‘ಆಯಿ, ಮುರಳಿ ಹೆಂಡತಿ ಮತ್ತೆ ಬಸುರಿಯಂತೆ’ ಎಂದೆ.

ಆಯಿ ಎಲೆಗೆ ಅಡಿಕೆ ಹಾಕಿದಳು. ‘ಒಳ್ಳೇದಾತು’ ಎಂದು ಎಲೆ ಮಡಚಿ ಬಾಯಿಗಿಟ್ಟುಕೊಂಡಳು. ‘ಹಂಗಾರೆ ಇನ್ನು ಒಂಬತ್ತು ತಿಂಗ್ಳು ನೀ ದಿನಾ ಬೇಗ ಬತ್ತೆ.’

ಹ್ಞೂಂ ಎನ್ನದೆ ಬೇರೆ ದಾರಿಯಿರಲಿಲ್ಲ. ಆ ಹೆಂಗಸನ್ನು ಬಸುರಿ ಮಾಡಿದ್ದು ನಾನೇ ತಾನೆ. ಹೆರಿಗೆಯ ತನಕ ತಪ್ಪಿಸಿಕೊಳ್ಳುವ ಹಾಗಿಲ್ಲ.