ಡಾಕ್ಟರ ಮುಂದೆ ಅಮ್ಮನ ಸಾಕ್ಷಿ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಒಂಟಿ ಚಪ್ಪಲಿ. ಅದರ ಜೋಡಿ ಹುಡುಕಲು ಮಂಚದ ಕೆಳಗೆ ತೂರಿದ ಮೋಡಮ್ಮನಿಗೆ ಅಲ್ಲೊಂದು ಕೆಟ್ಟ ಗಡಿಯಾರ ಸಿಕ್ಕಿತು. ಸಿಕ್ಕಿದ ಮೇಲೆ ಬಿಚ್ಚಿ ನೋಡದೆ ಇರಲಾದೀತೇ? ಬಿಚ್ಚಿದಳು. ಬಚ್ಚಲಲ್ಲಿ ಅವಳು ತೆರೆದಿಟ್ಟು ಬಂದ ನಲ್ಲಿ, ಪಾಪ, ತನ್ನ ಪಾಡಿಗೆ ಸುರಿಯುತ್ತಲೇ ಇತ್ತು.

ಮೋಡಮ್ಮ ಅನ್ನುವುದು ಶಾಲೆಯ ಟೀಚರು ಇಟ್ಟ ಹೆಸರು. ಪಾಠದ ಹೊತ್ತಿನಲ್ಲಿ ಕಿಟಕಿಯಾಚೆ ಕಣ್ಣು ನೆಟ್ಟು ಕೂರುತ್ತಿದ್ದಳಲ್ಲ, ಅದಕ್ಕೆ. ಸದ್ದಿಲ್ಲದೆ ಕೂತ ಹುಡುಗಿಯನ್ನು ಯಾರು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ? ಮಹಡಿಯಿಂದ ಜಿಗಿದ ತಮ್ಮನನ್ನು ಕರೆದೊಯ್ದರು. ಗಮನ ಒಂದೆಡೆ ನಿಲ್ಲದ ಕಾಯಿಲೆ ಅಂತ ಅವನಿಗೆ ಹೆಸರೂ ಸಿಕ್ಕಿತು, ಮದ್ದೂ ಸಿಕ್ಕಿತು. ಇವಳಿಗೆ ಸಿಕ್ಕಿದ್ದು ಬೈಗುಳ. ಮೂವತ್ತು ದಾಟಿದ ಮೇಲೆ, ತನಗಿರುವುದೂ ಅದೇ ಇರಬಹುದೇನೋ ಅನ್ನಿಸಿ, ತಿಂಗಳುಗಟ್ಟಲೆ ಕಾದು, ಇವತ್ತು ಮಧ್ಯಾಹ್ನ ಮನೋವೈದ್ಯರನ್ನು ಕಾಣುವವಳಿದ್ದಳು. ‘ನೀನು ಸೋಮಾರಿಯಲ್ಲಮ್ಮ’ ಅಂತ ಒಬ್ಬರೇ ಒಬ್ಬರು ಹೇಳಿಬಿಟ್ಟರೆ ಅವಳಿಗೆ ಸಾಕಿತ್ತು.

“ಏನೇ ಇದು, ಮೆಟ್ಟಿಲ ಮೇಲೆ ಹೊಳೆ ಹರೀತಿದೆ!” ಕೆಳಮನೆಯ ನಿವೃತ್ತ ನರ್ಸಮ್ಮ ಪೊರಕೆ ಹಿಡಿದೇ ಹತ್ತಿ ಬಂದರು. ಮಧ್ಯಾಹ್ನ ಡಾಕ್ಟರನ್ನು ಕಾಣುವ ಸಂಗತಿ ಕೇಳಿ, “ಅಯ್ಯೋ, ಆ ಕಾಯಿಲೆ ಗಂಡು ಹುಡುಗರಿಗೆ ಬರೋದು ಕಣೇ. ನೀನೇನು ಕುರ್ಚಿ ಹತ್ತಿ ಕುಣೀತೀಯಾ?” ಅಂದರು.

ಅಮ್ಮ ಹಣೆ ಚಚ್ಚಿಕೊಂಡರು. “ಹುಟ್ಟಿದಾಗಿಂದ ಹೀಗೇ ನರ್ಸಮ್ಮ! ಕೊಟ್ಟಿದ್ದೆಲ್ಲ ಕಳೀತಾಳೆ, ಹಿಡಿದಿದ್ದೆಲ್ಲ ಅರ್ಧಕ್ಕೆ ಬಿಡ್ತಾಳೆ. ತಲೆಯಲ್ಲಿ ಏನಿದೆಯೋ ಏನೋ.”

ಯಾವತ್ತೂ ಚುಚ್ಚುವ ಆ ಮಾತು ಇವತ್ತು ಮೋಡಮ್ಮನಿಗೆ ಹಾಯೆನಿಸಿತು. ಯಾಕೆಂದರೆ, ಅವಳನ್ನು ಚಿಕ್ಕಂದಿನಿಂದ ನೋಡಿದವರೊಬ್ಬರು ಬಂದು, ಆಗ ಹೇಗಿದ್ದಳೆಂದು ಹೇಳಬೇಕು ಅಂತ ಡಾಕ್ಟರು ಹೇಳಿಕಳಿಸಿದ್ದರು.

“ಅಲ್ಲೂ ಹೀಗೇ ಹೇಳಮ್ಮ.”

“ಹೇಳ್ದೆ ಬಿಡ್ತೀನಾ?”

ನೆಲ ಒರೆಸಿ, ತಮ್ಮನ ಚಪ್ಪಲಿ ಮೆಟ್ಟಿಕೊಂಡು ಕನ್ನಡಕದಂಗಡಿಗೆ ಓಡಿದಳು. ಅಲ್ಲಿ ಚೌಕಟ್ಟಿಗೆ ಗಾಜು ಕೂರಿಸುವುದು ಅವಳ ಕೆಲಸ. ಡಾಕ್ಟರಿಗೆ ಏನೇನು ಹೇಳಬೇಕು ಅಂತ ಯೋಚಿಸುತ್ತ, ಬಸ್ ಡ್ರೈವರನ ಚೌಕಟ್ಟಿಗೆ ಯಾವುದೋ ಅಜ್ಜಿಯ ದಪ್ಪ ಗಾಜು ಕೂರಿಸಿಬಿಟ್ಟಳು. ಆತ ಅದನ್ನು ಹಾಕಿಕೊಂಡು, ಗೋಡೆಗೆ ನೇತುಹಾಕಿದ್ದ ಕೋಟಿಗೆ, “ಬರ್ತೀನಿ ಸಾರ್” ಅಂತ ಕೈಮುಗಿದು, ಗಾಜಿನ ಬಾಗಿಲಿಗೆ ಮೂಗು ಜಜ್ಜಿಕೊಂಡ.

ಯಜಮಾನರು ಕೆಂಡವಾದರು. “ಬಸ್ಸು ಯಾರ ಮನೆಗೆ ನುಗ್ತಿತ್ತೋ! ಕಾಯಿಲೆ ಅಂತೀಯಲ್ಲ, ಹಾಗಂತ ಡಾಕ್ಟರು ಹೇಳಿದ್ರೆ ನಿನಗೆ ಬೇರೆ ಕೆಲಸ ಕೊಡ್ತೀನಿ. ಇಲ್ದಿದ್ರೆ ನಾಳೆಯಿಂದ ಬರ್ಬೇಡ.”

ಮಧ್ಯಾಹ್ನ ಡಾಕ್ಟರ ಬಾಗಿಲು ತಲುಪುವವರೆಗೂ ಅಮ್ಮ ಬೈಯುತ್ತಲೇ ಇದ್ದರು. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ಮಗಳ ಅವಾಂತರವೆಲ್ಲ ಬಾಯಿಪಾಠವಾಯಿತು. ಮೋಡಮ್ಮ ಮನಸ್ಸಿನಲ್ಲೇ, ‘ಹೇಳು ತಾಯಿ, ಹೇಳು’ ಅಂದುಕೊಂಡಳು.

“ಚಿಕ್ಕವರಿದ್ದಾಗ ಇವರು ಹೇಗಿದ್ರಮ್ಮ?” ಡಾಕ್ಟರು ಕೇಳಿದರು.

ಅಮ್ಮ ಕೂದಲು ನೀವಿಕೊಂಡು ನೆಟ್ಟಗೆ ಕೂತರು. ಮದುವೆಗೆ ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ ಮುಖದಲ್ಲಿ ನಗು ಬಂತು.

“ಬಂಗಾರ ಡಾಕ್ಟ್ರೇ! ಕೂರಿಸಿದ ಕಡೆ ಕೂತಿರೋಳು. ಒಂದು ವಸ್ತು ಕಳೆದವಳಲ್ಲ, ಒಂದು ಕೆಲಸ ಅರ್ಧಕ್ಕೆ ಬಿಟ್ಟವಳಲ್ಲ. ಇಂಥ ಮಗಳನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕು.”

“ಅಮ್ಮಾ! ಬೆಳಗ್ಗೆ ನಲ್ಲಿ...”

“ಯಾರ ಮನೇಲಿ ನಲ್ಲಿ ಸುರಿಯಲ್ಲ, ಬಿಡೇ.”

ಮೋಡಮ್ಮ ಎಷ್ಟು ಹೇಳಿದರೂ ಅಮ್ಮ, “ತುಂಬಾ ನಾಚಿಕೆ ಸ್ವಭಾವ ಡಾಕ್ಟ್ರೇ, ತನ್ನನ್ನ ತಾನೇ ಹೀಗಳ್ಕೋತಾಳೆ” ಅಂದುಬಿಟ್ಟರು.

ಡಾಕ್ಟರು ಪೆನ್ನು ಮುಚ್ಚಿದರು. “ಈ ಕಾಯಿಲೆ ಇದ್ದಿದ್ರೆ ಚಿಕ್ಕಂದಿನಲ್ಲೇ ಗೊತ್ತಾಗ್ತಿತ್ತು. ನಿಮಗೆ ಏನೂ ಇಲ್ಲ. ಸ್ವಲ್ಪ ಶಿಸ್ತು ರೂಢಿಸ್ಕೊಳ್ಳಿ, ಸಾಕು.”

ಹೊರಗೆ ಬರುತ್ತಲೇ ಮೋಡಮ್ಮ ಅಮ್ಮನ ತೋಳು ಹಿಡಿದು ನಿಲ್ಲಿಸಿದಳು. ಕೆಲಸ ಹೋದಂತೆಯೇ. “ಯಾಕಮ್ಮ ಹೀಗೆ ಮಾಡ್ದೆ?”

“ಇನ್ನೇನು, ಹೊರಗಿನವರ ಮುಂದೆ ಹೆತ್ತ ಮಗಳ ಮಾನ ಕಳೀಲಾ? ನಿನ್ನ ತಮ್ಮ ಗಂಡು, ನಡೀತು. ಹೆಣ್ಣಿಗೆ ಅಂಥ ಹೆಸರು ಅಂಟಿದ್ರೆ?”

ಮೋಡಮ್ಮ ತಲೆ ತಗ್ಗಿಸಿ ನಡೆದಳು. ಆದರೂ ಒಂದು ಮಾತು ಮಾತ್ರ ಕಿವಿಯಲ್ಲೇ ಉಳಿದಿತ್ತು. ಇಷ್ಟು ವರ್ಷದಲ್ಲಿ ಅಮ್ಮನ ಬಾಯಿಂದ ಅಂಥದ್ದು ಒಂದು ಸಲವೂ ಕೇಳಿರಲಿಲ್ಲ. ತಡೆಯಲಾರದೆ ಕೇಳಿಯೇಬಿಟ್ಟಳು.

“ಅಮ್ಮ... ನನ್ನಂಥ ಮಗಳನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕು ಅಂದ್ಯಲ್ಲ. ಅದು ನಿಜವಾ?”

ಅಮ್ಮ ಗಕ್ಕನೆ ನಿಂತು ಅವಳನ್ನು ದಿಟ್ಟಿಸಿದರು.

“ಮಂಕೇ, ಅದು ಡಾಕ್ಟರಿಗೆ ಹೇಳಿದ್ದು. ರಸ್ತೆ ನೋಡ್ಕೊಂಡು ನಡಿ.”